ನಡುವೆ ಹೂ ಬೇಡ

ಶಿಕಾರಿಪುರದಲ್ಲಿ ನಮ್ಮದು ಗಾಜಿನ ಅಂಗಡಿ. ಕಿಟಕಿಗೆ ಗಾಜು, ದೇವರ ಫೋಟೋಗೆ ಕಟ್ಟು, ಬಚ್ಚಲಿಗೆ ಕನ್ನಡಿ, ಈಚೆಗೆ ಅಲ್ಯುಮಿನಿಯಂ ಪಾರ್ಟಿಷನ್ನು. ಅಪ್ಪ ಸೊರಬದ ಕಡೆಯಿಂದ ಬಂದು ಹಾಕಿದ ಅಂಗಡಿ. ಅವರ ಕೈ ನಡುಗಲು ಶುರುವಾದ ಮೇಲೆ ಗಾಜು ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಗಿರಾಕಿಗಳು ಮೆಟ್ಟಿಲ ಮೇಲೆ ನಿಂತು, ನನ್ನ ತಲೆಯ ಮೇಲಿಂದ ಒಳಗೆ ನೋಡಿ, "ಅಪ್ಪಾಜಿ ಇಲ್ಲೇನ್ರೀ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಅಪ್ಪ ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಕಟ್ಟರ್ ಗಾಜಿನ ಮೇಲೆ ಹರಿಯುವ ಸದ್ದು ಕೇಳಿದಾಗ ಮಾತ್ರ ಓದುವುದನ್ನು ನಿಲ್ಲಿಸುತ್ತಾರೆ. ಸದ್ದು ಸರಿಯಿದ್ದರೆ ಪುಟ ತಿರುಗಿಸುತ್ತಾರೆ.

ಹಳೇ ಪೇಟೆಯ ದೊಡ್ಡ ಮನೆಯಿಂದ ಫೋನ್ ಬಂದದ್ದು ಒಂದು ಶುಕ್ರವಾರ. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ನಾಲ್ಕಾರು ಮಳಿಗೆ ಇರುವ ಮನೆತನ. ಅಣ್ಣತಮ್ಮಂದಿರಿಬ್ಬರ ಸಂಸಾರ ಒಂದೇ ಸೂರಿನಡಿ ಇದೆ. ಫೋನ್ ಮಾಡಿದವರು ತಮ್ಮ. ಬಟ್ಟೆ ಅಂಗಡಿಗೆ ಎ.ಸಿ. ಹಾಕಿಸಿದವರು, ಮಾತಿನಲ್ಲೂ ಅಷ್ಟೇ ಚುರುಕು.

"ಹಾಲ್‌ನ ದೊಡ್ಡ ಬಾಗಿಲ ಮೇಲೆ ಅರ್ಧ ಚಂದ್ರದ ಥರ ಹಳೇ ಗಾಜೈತಲ್ಲ, ಅದನ್ನ ತೆಗೆದು ಒಂದೇ ಪೀಸ್ ಟಫನ್ ಗಾಜು ಕೂರಿಸ್ಬೇಕು. ಸೋಮವಾರ ಫಾಲ್ಸ್ ಸೀಲಿಂಗ್‌ನವ್ರು ಬರ್ತಾರೆ. ಅಷ್ಟ್ರಾಗೆ ಅಳತೆ ತಗೊಂಡ್ ಹೋಗಮ್ಮ."

ನಾನು ಟೇಪು ಹಿಡಿದು ಹೋದೆ. ಪಡಸಾಲೆಯಲ್ಲಿ ಸೋಫಾಗಳನ್ನು ಗೋಡೆಗೆ ಒತ್ತಿ, ಮೇಲೆ ಹಳೇ ಬೆಡ್‌ಶೀಟು ಹೊದಿಸಿದ್ದರು. ನಡುವೆ ನೆಲದ ಮೇಲೆ ಆ ಮನೆಯ ಹಿರಿಯ ಸೊಸೆ ಕೂತಿದ್ದರು. ಅರವತ್ತರ ಆಸುಪಾಸಿನವರು. ಬಟ್ಟೆ ಅಂಗಡಿಯ ಸೀರೆ ವಿಭಾಗ ಅವರದೇ. ಕಾರು ಓಡಿಸುತ್ತಾರೆ, ಜೋರಾಗಿ ನಗುತ್ತಾರೆ. ಅಂದು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಸುತ್ತ ಹಳದಿಗಟ್ಟಿದ ಕಾಗದಗಳನ್ನು ಹರಡಿಕೊಂಡು, ಬೇಸಗೆಯಲ್ಲಿ ಹಪ್ಪಳ ಒಣಗಿಸಲು ಕೂತವರಂತೆ ಕಾಣುತ್ತಿದ್ದರು.

"ಅಳತೆ ಆಮೇಲೆ ತಗೊಳುವಂತಿ, ಬಾ ಕೂತ್ಕೋ," ಎಂದರು. "ವೈರ್ ನೋಡೋಕೆ ಅಂತ ಕರೆಂಟಿನವನು ಅಟ್ಟಕ್ಕೆ ಹತ್ತಿದ್ದ. ಒಂದು ಹಳೇ ದಿಂಬು ಕೆಳಗೆ ಒಗೆದ. ದಿಂಬಿನಾಗೆ ಹತ್ತಿ ಇಲ್ಲ, ಬರೀ ಕಾಗದ. ನಿನ್ನೆಯಿಂದ ಓದ್ತಾ ಕೂತೀನಿ. ಇದನ್ನ ಯಾರಿಗೆ ತೋರಿಸ್ಲಿ ಅಂತಾನೇ ಗೊತ್ತಾಗ್ಲಿಲ್ಲ. ನಮ್ಮನೇಲಿ ಎಲ್ಲರಿಗೂ ಅರ್ಜೆಂಟು."

ಅವೆಲ್ಲ ಆ ಮನೆ ಕಟ್ಟಿ, ಒಳಗೆ ಸಾಮಾನು ತುಂಬಿಸಿದ ಕಾಲದ ಕಾಗದಗಳು. ಅವರ ಗಂಡನ ಅಜ್ಜ ವ್ಯಾಪಾರಕ್ಕೆಂದು ಹುಬ್ಬಳ್ಳಿ, ಬೊಂಬಾಯಿ ತಿರುಗುತ್ತಿದ್ದವರಂತೆ. ಅಲ್ಲಿ ಕಂಡ ಕುರ್ಚಿ, ದೀಪ, ನೆಲದ ಬಿಲ್ಲೆಗಳನ್ನು ವರ್ಣಿಸಿ ಮನೆಗೆ ಬರೆಯುತ್ತಿದ್ದರು. ಹೆಂಡತಿ ಅದೇ ಕಾಗದದ ಹಿಂಬದಿಗೆ ಪೆನ್ಸಿಲ್‌ನಲ್ಲಿ ಉತ್ತರ ಬರೆದು, ಹೋಗುವವರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಸಾಮಾನು ಕೊಂಡಾದ ಮೇಲೆ ಅಜ್ಜ ಆ ಕಾಗದವನ್ನು ಜೋಪಾನವಾಗಿ ವಾಪಸು ತರುತ್ತಿದ್ದರು. ಹೀಗೆ ಪ್ರಶ್ನೆ ಒಂದು ಮಗ್ಗುಲಿಗೆ, ಉತ್ತರ ಇನ್ನೊಂದು ಮಗ್ಗುಲಿಗೆ ಉಳಿದುಕೊಂಡಿದ್ದವು. ಅಜ್ಜಿ ಸೊರಬದ ಕಡೆಯ ರೈತರ ಮನೆಯ ಮಗಳು. ಅಕ್ಷರ ಕಲಿತದ್ದು ತವರಿನ ಜಗಲಿಯಲ್ಲಿ. ಹುಬ್ಬಳ್ಳಿಯನ್ನೂ ಕಂಡವರಲ್ಲ.

"ಇದು ಕೇಳು," ಎಂದು ಹಿರಿಯ ಸೊಸೆ ಒಂದನ್ನು ಎತ್ತಿಕೊಂಡರು. ಆಳೆತ್ತರದ ನಿಲುವುಗನ್ನಡಿ ಬಂದಿದೆ, ಸಿರಿವಂತರೆಲ್ಲ ಪಡಸಾಲೆಗೆ ಹಾಕಿಸುತ್ತಿದ್ದಾರೆ, ತರಲೇ ಎಂದು ಅಜ್ಜ ಕೇಳಿದ್ದರು. ಹಿಂದೆ ಪೆನ್ಸಿಲ್‌ನಲ್ಲಿ: ಪಡಸಾಲೆಗೆ ಕನ್ನಡಿ ಬೇಡ. ಬಂದವರು ನಮ್ಮ ಕೂಡ ಮಾತಾಡುವುದು ಬಿಟ್ಟು ತಮ್ಮನ್ನೇ ನೋಡಿಕೊಳ್ಳುತ್ತಾರೆ.

ನಾವಿಬ್ಬರೂ ನಕ್ಕೆವು. ಕನ್ನಡಿ ಮಾರಿ ಬದುಕುವ ನನಗೆ ನಗು ಸ್ವಲ್ಪ ಹೆಚ್ಚೇ ಬಂತು.

ಇನ್ನೊಂದು ಕಾಗದದ ಮಡಿಕೆಯೊಳಗೆ ಒಂದು ದಾರ ಇತ್ತು. ಎರಡೂ ತುದಿಗೆ ಗಂಟು. ಅತ್ತೆಗೆ ಒಂದು ಕುರ್ಚಿ ಮಾಡಿಸಿ, ಕಾಲಿನ ಎತ್ತರ ಈ ದಾರದಷ್ಟೇ ಇರಲಿ, ಅವರು ಗಿಡ್ಡ, ಪಾದ ನೆಲಕ್ಕೆ ತಾಗದಿದ್ದರೆ ಕೂತ ಹಾಗೆ ಅನ್ನಿಸುವುದಿಲ್ಲ ಎಂದು ಬರೆದಿದ್ದರು. ಮತ್ತೊಂದಕ್ಕೆ ಸೀರೆಯ ತುಂಡೊಂದನ್ನು ಸೂಜಿದಾರದಿಂದ ಟಾಕಿ ಹಾಕಿದ್ದರು. ಗೋಡೆಗೆ ಈ ಬಣ್ಣ. ಅಂಗಡಿಯಲ್ಲಿ ಹೊಸ ಸೀರೆ ನೋಡಿ ಹೇಳಬೇಡಿ, ಇದು ಒಗೆದು ಒಗೆದು ಮೆತ್ತಗಾದ ಮೇಲಿನ ಬಣ್ಣ. ಆ ತುಂಡನ್ನು ನಾನು ಬೆರಳಿನಲ್ಲಿ ಸವರಿದೆ. ಹಣ್ಣಾಗುವ ಮೊದಲಿನ ಪೇರಲದ ಬಣ್ಣ ಅನ್ನಬಹುದೇನೋ. ಹಸಿರೂ ಅಲ್ಲ, ಹಳದಿಯೂ ಅಲ್ಲ.

ಆಮೇಲೆ ನೆಲದ ಬಿಲ್ಲೆಗಳ ಬಣ್ಣದ ಹಾಳೆ ಬಂತು. ಇಡೀ ನೆಲಕ್ಕೆ ಹೂವಿನ ಬಿಲ್ಲೆ ಹಾಕಿಸುವುದು ಈಗಿನ ರೀತಿ ಎಂದು ಅಜ್ಜ ಬರೆದಿದ್ದರು. ಉತ್ತರ ಚಿಕ್ಕದು: ಹೂ ಎರಡು ಪಕ್ಕಕ್ಕಿರಲಿ. ನಡುವೆ ಹೂ ಬೇಡ. ದೊಡ್ಡ ಬಾಗಿಲಿಂದ ಒಳಬಾಗಿಲ ತನಕ ಅಗಲಕ್ಕೆ ಸಾದಾ ಬಿಡಿಸಿ.

ಇಬ್ಬರೂ ನೆಲ ನೋಡಿದೆವು. ಇದ್ದದ್ದು ಹಾಗೆಯೇ. ಎರಡು ಬದಿಗೆ ಹೂಬಳ್ಳಿ, ನಡುವೆ ಹಾಲಿನ ಕೆನೆಯಂಥ ಖಾಲಿ ಹಾದಿ.

"ಬಿಲ್ಲೆ ಸಾಲ್ದೆ ಹಿಂಗ್ ಮಾಡ್ಯಾರೆ ಅಂತ ನಮ್ ಮಾವ ಹೇಳ್ತಿದ್ರು," ಎಂದು ಅವರು ನೆಲವನ್ನು ಅಂಗೈಯಿಂದ ಒರೆಸಿದರು. "ಪಾಪ, ಬೇಕಂತಲೇ ಬಿಡಿಸಿದ್ದು."

ಕೊನೆಗೆ ನನಗೆಂದೇ ತೆಗೆದಿಟ್ಟಿದ್ದ ಹಾಳೆಯನ್ನು ಬಿಡಿಸಿದರು. ಮೊಳೆಗೆ ದಾರ ಕಟ್ಟಿ ಎಳೆದಂಥ ಅರ್ಧ ವೃತ್ತ, ಅದರೊಳಗೆ ಬೀಸಣಿಗೆಯಂತೆ ಹರಡಿದ ದಳಗಳು. ಒಂದೊಂದು ದಳದಲ್ಲಿ ಒಂದೊಂದು ಮಾತು: ಕೆಂಪು, ನೀಲಿ, ಹಳದಿ, ಹಸಿರು, ಮತ್ತೆ ಕೆಂಪು, ನೀಲಿ, ಹಳದಿ. ನಾನು ತಲೆಯೆತ್ತಿ ಬಾಗಿಲ ಮೇಲಿನ ಗಾಜು ನೋಡಿದೆ. ಚಿಕ್ಕಂದಿನಿಂದ ಆ ಬೀದಿಯಲ್ಲಿ ಓಡಾಡಿದವಳು ನಾನು. ಅದು ಬಿಳಿ. ಮಂಕು ಬಿಳಿ.

"ಹಾಕಿಸ್ಲಿಲ್ಲ ಅನ್ನಿಸುತ್ತೆ ರೀ," ಎಂದೆ.

ಆದರೂ ಏಣಿ ಹತ್ತಿದೆ. ಹತ್ತಿರದಿಂದ ನೋಡಿದರೆ ಬಿಳಿ ಗಾಜಲ್ಲ, ಗಾಜಿನ ಮೇಲೆ ಎನಾಮಲ್ ಬಣ್ಣ ಬಳಿದಿತ್ತು. ಉಗುರಿನಿಂದ ಕೆರೆದೆ. ಸಿಪ್ಪೆ ಎದ್ದಿತು. ಅದರಡಿಯಿಂದ ದಾಳಿಂಬೆ ಬೀಜದಷ್ಟು ಕೆಂಪು ಹೊರಬಂತು.

 ಏಣಿಯ ಮೇಲಿಂದಲೇ ಕೆಳಗೆ ನೋಡಿದೆ. ಹಿರಿಯ ಸೊಸೆ ಅಲ್ಲಿಂದಲೇ, "ಕೆಂಪೇನೇ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಅವರ ಗಂಡ ಗಿರಣಿಯಿಂದ ಊಟಕ್ಕೆ ಬಂದರು. ಮಿತಭಾಷಿ. ವಿಷಯ ಕೇಳಿ ಬಾಗಿಲ ಮೇಲೆ ಕಣ್ಣು ಹಾಯಿಸಿ, ಇದ್ದಕ್ಕಿದ್ದಂತೆ ನಕ್ಕುಬಿಟ್ಟರು.

"ನೆನಪಾತು! ನಮ್ ಸೋದರತ್ತೆ ಮದುವಿ. ನಾನಿನ್ನೂ ಸಣ್ಣವ. ಫೋಟೋ ತೆಗೆಯೋನು ಬಂದು, ಹೆಣ್ಣಿನ ಮುಖ ಅರ್ಧ ಹಸಿರು, ಅರ್ಧ ಕೆಂಪು ಕಾಣ್ತೈತಿ, ಕಲರ್ ಫೋಟೋ ಕೆಟ್ಟು ಹೋಗ್ತಾವು ಅಂದ. ಅವತ್ತೇ ಬಣ್ಣ ಬಳಿಸಿದ್ರು. ಮದುವಿ ಮುಗಿದ್ ಮೇಲೆ ತೆಗಿಯೋಣ ಅಂದಿದ್ರು."

"ತೆಗೀಲಿಲ್ವಾ?" ಎಂದೆ.

"ಆಮೇಲೆ ಇನ್ನೊಂದು ಮದುವಿ ಬಂತು."

ತಮ್ಮನಿಗೆ ಇದೆಲ್ಲ ಹಿಡಿಸಲಿಲ್ಲ. ಅವರದೂ ತಪ್ಪಲ್ಲ. ಸೀಲಿಂಗ್‌ನ ಸಾಮಾನು ಆಗಲೇ ಲಾರಿಯಲ್ಲಿ ಬಂದು ಬಿದ್ದಿತ್ತು. ಸೀಲಿಂಗ್ ಇಳಿದರೆ ಅರ್ಧ ಚಂದ್ರದ ಮೇಲಿನ ಭಾಗ ಮುಚ್ಚಿಹೋಗುತ್ತದೆ. "ಅತ್ತಿಗೆ, ಹಳೇದು ಅಂತ ಎಲ್ಲಾನೂ ಇಟ್ಕೊಂಡ್ರೆ ಬದುಕೋದೆಲ್ಲಿ?" ಎಂದರು.

"ಭಾನುವಾರದ ತನಕ ಟೈಮ್ ಕೊಡು," ಎಂದರು ಅತ್ತಿಗೆ. "ನೋಡಿ ಆಮೇಲೆ ನೀನೇ ಹೇಳು. ನಾನು ಎರಡು ಮಾತಾಡಲ್ಲ."

ಭಾನುವಾರ ಅಪ್ಪನೂ ಆಟೋ ಹಿಡಿದು ನನ್ನ ಜೊತೆ ಬಂದರು. ಕೆಳಗೆ ಕುರ್ಚಿಯಲ್ಲಿ ಕೂತು, "ಬ್ಲೇಡು ಮಲಗಿಸಿ ಹಿಡಿ. ಅವಸರ ಮಾಡ್ಬೇಡ. ಬಿಸಿನೀರಿನ ಬಟ್ಟೆ ಹಾಕಿ ಬಣ್ಣ ನೆನೀಲಿ," ಎಂದು ಹೇಳುತ್ತಿದ್ದರು. ದಳ ದಳವಾಗಿ ಕೆರೆದೆ. ಬಿಳಿ ಸಿಪ್ಪೆ ನನ್ನ ಕೂದಲ ಮೇಲೆಲ್ಲ ಉದುರಿತು. ಬಣ್ಣ ಗಾಜಿನ ಮೈಯೊಳಗೇ ಇದ್ದುದರಿಂದ ಬ್ಲೇಡಿಗೆ ಹೆದರಬೇಕಿರಲಿಲ್ಲ. ಎರಡು ದಳಗಳಲ್ಲಿ ಮಾತ್ರ, ಹಾಳೆಯಲ್ಲಿ ನೀಲಿ ಎಂದಿದ್ದ ಒಂದು, ಹಸಿರು ಎಂದಿದ್ದ ಒಂದು, ಕೆರೆದ ಮೇಲೂ ಬರೀ ಸಾದಾ ಗಾಜು. ಯಾವಾಗಲೋ ಒಡೆದು ಬದಲಾಯಿಸಿದ್ದಿರಬೇಕು.

ಮುಗಿಯುವ ಹೊತ್ತಿಗೆ ಸಂಜೆ. ಮನೆ ಪೂರ್ವಕ್ಕೆ ಮುಖ ಮಾಡಿದೆ. ಸೂರ್ಯ ಹಿತ್ತಿಲಿಗೆ ಹೋಗಿದ್ದ. ಒಳಗಿನಿಂದ ನೋಡಿದರೆ ಗಾಜುಗಳು ಕತ್ತಲಲ್ಲಿಟ್ಟ ಬಳೆಯ ಚೂರುಗಳಂತೆ ಮಂಕಾಗಿ ಕಂಡವು. ತಮ್ಮ ಬಂದು ನೋಡಿ, ಒಳ್ಳೆಯ ಮಾತಿನಲ್ಲೇ, "ಚೆನ್ನಾಗೈತೆ... ಆದ್ರೆ ಏನ್ ಅಂಥಾದ್ದು?" ಎಂದರು.  ನಾನು ಕೈ ತೊಳೆದುಕೊಂಡು ಅಪ್ಪನನ್ನು ಕರೆದುಕೊಂಡು ಮನೆಗೆ ಬಂದೆ. ಸೋತ ಹಾಗೆ ಅನ್ನಿಸಿತ್ತು.

ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಫೋನ್ ಬಂತು. ಹಿರಿಯ ಸೊಸೆ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ಮನೆಯಲ್ಲಿ ಮಗು ಮಲಗಿದ್ದರೆ ಮಾತಾಡುವ ಹಾಗೆ. "ಇದ್ದ ಹಂಗೇ ಬಾ. ಈಗ್ಲೇ."

ಒಲೆ ಆರಿಸಿ ಸ್ಕೂಟರ್ ಹತ್ತಿದೆ. ದೊಡ್ಡ ಮನೆಯ ಮುಂದೆ ಸೀಲಿಂಗ್‌ನವರು ಹೆಗಲ ಮೇಲೆ ಬೋರ್ಡು ಹೊತ್ತು ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದರು. ಅವರ ನಡುವೆ ನುಸುಳಿ ಹೊಸ್ತಿಲಿಗೆ ಬಂದೆ. ನಾನೂ ಅಲ್ಲೇ ನಿಂತೆ.

ಖಾಲಿ ಬಿಟ್ಟ ಆ ನೆಲದ ಮೇಲೆ ಇಡೀ ಬೀಸಣಿಗೆ ಬಿಚ್ಚಿಕೊಂಡು ಮಲಗಿತ್ತು. ಕೆಂಪು, ಹಳದಿ, ನೀಲಿ ದಳಗಳು ಉದ್ದುದ್ದಕ್ಕೆ ಚಾಚಿ ಒಳಬಾಗಿಲಿನ ಬುಡ ಮುಟ್ಟಿದ್ದವು. ಬಣ್ಣ ಬಳಿದಂತೆ ಕಾಣುತ್ತಿರಲಿಲ್ಲ. ನೆಲವೇ ಒಳಗಿನಿಂದ ಬೆಳಗುತ್ತಿದೆಯೇನೋ, ಕೈ ಹಾಕಿದರೆ ಕೈ ಮುಳುಗುತ್ತದೆಯೇನೋ ಎಂಬಂತಿತ್ತು. ಎರಡು ಬದಿಯ ಹೂಬಳ್ಳಿಗಳು ಅದಕ್ಕೆ ಅಂಚು ಹಿಡಿದು ನಿಂತಿದ್ದವು. ಒಂದು ದಳವೂ ಅಂಚು ದಾಟಿರಲಿಲ್ಲ. ಹೂವಿನ ಬಿಲ್ಲೆಯ ಮೇಲೆ ಬಿದ್ದಿದ್ದರೆ ಅದು ಬರೀ ಕಲಸುಮೇಲೋಗರವಾಗಿರುತ್ತಿತ್ತು.

ಮನೆಯವರೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಯಾರೂ ನಡುವೆ ಕಾಲಿಟ್ಟಿರಲಿಲ್ಲ. ಗಿರಣಿಯ ಯಜಮಾನರು ಕೈ ಮುಗಿದಿದ್ದರು. ಮುಗಿದದ್ದು ಅವರಿಗೇ ಗೊತ್ತಿತ್ತೋ ಇಲ್ಲವೋ. ಅವರ ತಮ್ಮ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದರು: "ಇದಕ್ಕೇ ಅಜ್ಜಿ ಹೂ ಬೇಡ ಅಂದಿದ್ದು."

ಆ ಮಾತು ಕೇಳಿದ ಮೇಲೆ ನಾನು ಯೋಚಿಸಿದ್ದು ಒಂದೇ. ಬಣ್ಣದ ಗಾಜು ಬೆಳಕಿಗೆ ಏನು ಮಾಡುತ್ತದೆಂದು ಆಕೆ ಕಂಡಿದ್ದರೋ ಇಲ್ಲವೋ. ಆದರೆ ಮನೆ ಕಟ್ಟುವಾಗ, ಇಲ್ಲಿ ಇನ್ನೂ ಬರೀ ಮಣ್ಣಿನ ನೆಲ ಇದ್ದಾಗ, ಬಾಗಿಲ ಮೇಲೆ ಗಾಜಿಲ್ಲದ ಖಾಲಿ ಕಮಾನು ಇದ್ದಾಗ, ಆಕೆ ಇಲ್ಲಿ ನಿಂತಿರಬೇಕು. ಬೆಳಕು ಎಲ್ಲಿ ಬಿದ್ದಿತು, ಯಾವ ದಿಕ್ಕಿಗೆ ಸರಿಯಿತು, ಚಳಿಗಾಲಕ್ಕೆ ಎತ್ತ ವಾಲಿತು, ಬೇಸಗೆಗೆ ಎತ್ತ, ಎಲ್ಲವನ್ನೂ ನೋಡಿರಬೇಕು. ಕೆಲಸ ನಡೆಯುತ್ತಿದ್ದ ಮನೆಯಲ್ಲಿ ಗಾರೆಯವರ ನಡುವೆ, ಸೊಂಟದ ಮೇಲೆ ಮಗುವನ್ನೋ ಕೊಡವನ್ನೋ ಇಟ್ಟುಕೊಂಡು. ಆಮೇಲೆ ಒಳಗೆ ಹೋಗಿ ಪೆನ್ಸಿಲ್ ಹಿಡಿದು, ನಡುವೆ ಹೂ ಬೇಡ ಎಂದು ಬರೆದಿರಬೇಕು. ಯಾಕೆಂದು ಬರೆದಿರಲಿಲ್ಲ. ಗಂಡನೂ ಕೇಳಿದಂತಿಲ್ಲ.

ನೋಡುತ್ತಿದ್ದಂತೆ ಬೀಸಣಿಗೆ ಒಳಬಾಗಿಲನ್ನು ಬಿಟ್ಟು ನಮ್ಮ ಕಡೆಗೆ ಸರಿಯಿತು. ಸೂರ್ಯ ಏರಿದಂತೆಲ್ಲ ದಳಗಳು ಗಿಡ್ಡವಾಗುತ್ತ, ಗಾಢವಾಗುತ್ತ ಬಂದವು. ಹೊಸ್ತಿಲ ಬಳಿ ಒಂದಿಷ್ಟು ಹೊತ್ತು ತಡೆದು, ಬಂದ ನೆಂಟರು ಎದ್ದು ಹೋದ ಹಾಗೆ ಹೊರಟುಹೋದವು. ನೆಲ ಮೊದಲಿನಂತೆ ಸಾದಾ ಆಯಿತು.

ಮೆಟ್ಟಿಲಲ್ಲಿದ್ದವನೊಬ್ಬ ಬೋರ್ಡನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ಕೆಲ್ಸ ಶುರು ಮಾಡಾಣೇನ್ರೀ?" ಎಂದ.

ತಮ್ಮ, ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಮಾತು ಕೊಟ್ಟಂತೆ ಸುಮ್ಮನಿದ್ದರು. "ಮೇಲಿನ ನನ್ ರೂಮಿಗೆ ಮಾಡ್ರಿ," ಎಂದರು ತಮ್ಮ. "ಇಲ್ಲಿ ಬ್ಯಾಡ."

ಆಮೇಲೆ ನನ್ನ ತಲೆ ತಿನ್ನತೊಡಗಿದ್ದು ಆ ಎರಡು ಕಾಣೆಯಾದ ದಳಗಳು. ನೆಲದ ಮೇಲೆ ಅವೆರಡು ಜಾಗ ಬಿದ್ದ ಹಲ್ಲಿನಂತೆ ಬೆಳ್ಳಗೆ ಕಾಣುತ್ತಿದ್ದವು. ಶಿವಮೊಗ್ಗದಲ್ಲಿ ವಿಚಾರಿಸಿದೆ, ದಾವಣಗೆರೆಯಿಂದ ಚೂರು ತರಿಸಿದೆ. ಈಗಿನ ನೀಲಿ ಗಾಜು ಬೆಳಕಿಗೆ ಹಿಡಿದರೆ ಶರಬತ್ತಿನ ಹಾಗೆ ಕಾಣುತ್ತದೆ. ಹಳೆಯದರ ಪಕ್ಕ ಇಟ್ಟರೆ ನಮಗೇ ನಾಚಿಕೆ. ಹಿರಿಯ ಸೊಸೆ ಮತ್ತೆ ಕಾಗದಗಳನ್ನು ಹುಡುಕಿ, ಗಾಜು ಕೊಂಡ ರಸೀದಿಯೊಂದರ ಹಿಂದೆ ಅಜ್ಜಿಯ ಎರಡು ಸಾಲು ತೋರಿಸಿದರು: ಉಳಿದ ಗಾಜು ತವರಿಗೆ ಕಳಿಸಿದ್ದೇನೆ. ಅವ್ವನ ಅಡಿಗೆಮನೆಯ ಗೂಡಿಗೆ ಆದೀತು.

"ಹೋಗೋಣ," ಎಂದರು. ಅವರೇ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ, ಯಾವುದಕ್ಕೂ ಇರಲಿ ಎಂದು, ಹಳೇ ಪೇಪರಿನಲ್ಲಿ ಸುತ್ತಿದ ಒಂದಿಷ್ಟು ಸಾದಾ ಗಾಜು. ಶಿರಾಳಕೊಪ್ಪದ ಸಂತೆಯ ಗದ್ದಲ ದಾಟಿ, ರಸ್ತೆಯ ಮೇಲೆಯೇ ಜೋಳ ಹರಡಿದ್ದ ಕಡೆ ನಿಧಾನಿಸಿ, ಸೊರಬ ಮುಟ್ಟುವ ಮೊದಲೇ ಒಳರಸ್ತೆಗೆ ತಿರುಗಿದೆವು.

ತವರು ಮನೆ ಈಗ ಮುಂದೆ ತಾರಸಿಯದು. ಹಿಂದೆ ಹಳೆಯ ಅಡಿಗೆಮನೆ ಹಾಗೇ ಉಳಿದಿದೆ. ಬಾಗಿಲು ತೆರೆದವರು ಅಜ್ಜಿಯ ಅಣ್ಣನ ಮೊಮ್ಮಗನ ಹೆಂಡತಿ. ಗಂಡನಿಗೆ ವಿದ್ಯುತ್ ಇಲಾಖೆಯಲ್ಲಿ ನೌಕರಿ, ಜಮೀನು ನೋಡಿಕೊಳ್ಳುವುದು ಈಕೆ. ಎರಡು ಮನೆಗಳ ನಡುವೆ ಹೋಗಿಬರುವುದು ಯಾವಾಗಲೋ ನಿಂತಿತ್ತು. ನಾವು ಬಂದ ಕಾರಣ ಹೇಳಿದಾಗ ಅವರು ಕಣ್ಣರಳಿಸಿದರು.

"ಗಾಜಾ? ಅದನ್ನ ನೋಡಕ್ಕೆ ಅಷ್ಟು ದೂರದಿಂದ ಬಂದ್ರಾ? ಎಂತಾ ಜನ ಮಾರಾಯ್ತಿ ನೀವು!"

ಒಲೆಯ ಮೇಲೆ ಬೆಳಕಿಗೆಂದು ಬಿಟ್ಟ ಗೂಡಿನಲ್ಲಿ ನಾಲ್ಕು ಚೂರು ಗಾಜು ಇದ್ದವು. ಮಸಿ ಹಿಡಿದು ಹಂಚಿನಷ್ಟು ಕಪ್ಪು. ಸ್ಟೂಲ್ ಹತ್ತಿ ಒದ್ದೆ ಬಟ್ಟೆಯಿಂದ ಉಜ್ಜಿದೆ. ಎರಡು ಹಳದಿ, ಎರಡು ನೀಲಿ. ನವಿಲ ಕೊರಳಿನ ನೀಲಿ. ಹಸಿರು ಇರಲಿಲ್ಲ.

ಕೇಳುವುದು ಹೇಗೆಂದು ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅವರೇ ಹೇಳಿದರು: "ತಗಂಡ್ ಹೋಗಿ. ಶಿಕಾರಿಪುರದ ಅಜ್ಜಿ ಕಳಿಸಿದ್ದು ಅಂತ ನಮ್ಮತ್ತೆ ಇದನ್ನ ತೆಗೆಯಕ್ಕೇ ಬಿಟ್ಟಿರ್ಲಿಲ್ಲ. ನಂಗೆ ಬೆಳಕು ಬರೋ ಗಾಜು ಹಾಕ್ಕೊಡಿ, ಸಾಕು. ಮದುವೆಯಾಗಿ ಬಂದಾಗಿಂದ ಕತ್ತಲಲ್ಲೇ ಒಗ್ಗರಣೆ ಹಾಕ್ತಿದ್ದೇನೆ."

ಕಾರಿನಿಂದ ಸಾದಾ ಗಾಜು ತಂದು, ಅಲ್ಲೇ ಅಳತೆಗೆ ಕತ್ತರಿಸಿ ನಾಲ್ಕನ್ನೂ ಕೂರಿಸಿಕೊಟ್ಟೆ. ಕಡೆಯದು ಕೂತೊಡನೆ ಮಧ್ಯಾಹ್ನದ ಬಿಸಿಲು ನೇರ ಒಳಗೆ ಬಿತ್ತು. ಗೋಡೆ, ತೊಲೆ, ಡಬ್ಬಿಗಳ ಸಾಲು, ಎಲ್ಲದರ ಮೇಲಿನ ಮಸಿಯೂ ಒಂದೇ ಸಲ ಕಂಡಿತು.

"ಅಯ್ಯೋ ದೇವರೇ!" ಎಂದು ಅವರು ಬಾಯಿಗೆ ಸೆರಗು ಒತ್ತಿಕೊಂಡರು. "ನನ್ನ ಅಡಿಗೆಮನೆ ಹೀಗಿತ್ತಾ? ಇಷ್ಟು ವರ್ಷ ಇದರೊಳಗೆ ಮಾಡಿದ್ದನ್ನ ತಿಂದೂ ಮನೆಯವರೆಲ್ಲ ಬದುಕಿದ್ದಾರಲ್ಲ!" ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು ಅವರಿಗೆ. ನಮಗೂ.

ನೀಲಿಯನ್ನು ದಳದ ಆಕಾರಕ್ಕೆ ಕತ್ತರಿಸುವ ದಿನ ಅಂಗಡಿಯಲ್ಲಿ ಅಪ್ಪ ಪೇಪರನ್ನು ಮಡಚಿಯೇ ಇಟ್ಟರು. ಹಳೇ ಗಾಜು ಗಡಸು, ಎಲ್ಲೆಲ್ಲೋ ಗುಳ್ಳೆ. ಕಟ್ಟರ್ ಇಟ್ಟು ಉಸಿರು ಹಿಡಿದು ಎಳೆದೆ. ಸೀಳು ನಾನು ಹೇಳಿದ ದಾರಿಯಲ್ಲೇ ಹೋಯಿತು.  ಹುಡುಗಿಗೆ ಒಂದು ಟೀ ಕಳಿಸಿ ಎಂದು ಅಪ್ಪ ಪಕ್ಕದ ಹೋಟೆಲಿನವರಿಗೆ ಕೂಗಿದರು. ನನಗೆ ಆಗಲೇ ನಲವತ್ತು ದಾಟಿದೆ.

ಹಸಿರು ಸಿಗಲೇ ಇಲ್ಲ. ಆ ದಳಕ್ಕೆ ಸಾದಾ ಗಾಜೇ ಇದೆ. ಗಿರಣಿಯಲ್ಲಿ ತೂಕ ಹಾಕುವವನು ಕೂರುತ್ತಿದ್ದ ಗಿಡ್ಡ ಕುರ್ಚಿ ಮನೆಗೆ ವಾಪಸು ಬಂತು. ಹಿರಿಯ ಸೊಸೆ ಆ ದಾರ ಹಿಡಿದು ಅಳೆದರು, ಗಂಟಿಗೆ ಗಂಟು ಸರಿಹೋಯಿತು. ಗೋಡೆಯ ಬಣ್ಣಕ್ಕೆ ಪೇಂಟ್ ಅಂಗಡಿಯ ಕಂಪ್ಯೂಟರ್ ಒಂದು ನಂಬರು ಹೇಳಿತು. ಅವರು ಒಪ್ಪದೆ, ಡಬ್ಬಿಗೆ ಬಿಳಿ ಸುರಿಸುತ್ತ, ಗೋಡೆಗೆ ಹಚ್ಚಿ ಒಣಗಿಸಿ ನೋಡುತ್ತ, ಅಂಗಡಿಯವನನ್ನು ಸುಸ್ತು ಮಾಡಿ ಕೊನೆಗೆ ಸೀರೆಯ ತುಂಡಿನ ಬಣ್ಣಕ್ಕೇ ತಂದರು. ಕನ್ನಡಿ ಬೇಡ ಎಂದಿದ್ದ ಕಾಗದಕ್ಕೆ ನಾನು ಕಟ್ಟು ಹಾಕಿಕೊಟ್ಟೆ, ಎರಡು ಗಾಜುಗಳ ನಡುವೆ, ಎರಡು ಮಗ್ಗುಲೂ ಓದುವ ಹಾಗೆ. ಬಿಸಿಲು ತಾಗದ ಕಡೆ ಇಟ್ಟಿದ್ದಾರೆ.

ಎಲ್ಲ ಮುಗಿದ ಮೇಲೆ ಸೊರಬದ ಆ ಹೆಂಗಸು ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಕೈಯಲ್ಲಿ ಒಂದು ಚೀಲ ಗೆಣಸು. ನನ್ನನ್ನೂ ಕರೆಸಿದ್ದರು. ಅವರು ಹೊಸ್ತಿಲಿಗೆ ಬರುವ ಹೊತ್ತಿಗೆ ಪಡಸಾಲೆಯ ನಡುವೆಲ್ಲ ಬಣ್ಣ ತುಂಬಿಕೊಂಡಿತ್ತು. ಚಪ್ಪಲಿ ಬಿಟ್ಟು, ಒಂದು ಕಾಲು ಎತ್ತಿ, ಮತ್ತೆ ಹಿಂದಕ್ಕೆ ಇಟ್ಟರು.

"ಬರ್ರಿ ಒಳಗೆ," ಎಂದರು ಹಿರಿಯ ಸೊಸೆ.

"ಎಲ್ಲಿಂದ ಬರ್ಲಿ? ಇದನ್ನ ತುಳೀಬೇಕಲ್ಲ!"

"ತುಳೀರಿ. ನಿಮ್ಮನೇದೂ ಐತೆ ಅದ್ರಾಗೆ."

ಅವರು ಕಾಲುವೆಗೆ ಇಳಿಯುವವರಂತೆ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು ಒಳಗೆ ಕಾಲಿಟ್ಟರು. ಪಾದ ಹಳದಿಯಾಯಿತು, ಕೆಂಪಾಯಿತು. ನೀಲಿಯ ಬಳಿ ಬಂದಾಗ ನಿಂತು, ಬಗ್ಗಿ, ತಮ್ಮ ಅಂಗೈಯನ್ನು ಅದರಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಸೋಫಾ ಇದೆ ಎಂದು ಯಾರೂ ಹೇಳಲಿಲ್ಲ. ಹಿರಿಯ ಸೊಸೆ ಅವರ ಪಕ್ಕ ಕೂತರು, ನಾನೂ ಕೂತೆ. ತಮ್ಮನೇ ಒಳಗಿನಿಂದ ಕಾಫಿ ತಂದು ಕೊಟ್ಟರು.